ಚರ್ಚಾ ಸ್ಪರ್ಧೆಯಲ್ಲಿ ಹುಡುಗಿಗೆ ‘ಪರ’, ಹುಡುಗನಿಗೆ ‘ವಿರೋಧ’: ನಿಯಮಾವಳಿಯಲ್ಲಿ ಏನು ಬದಲಿಸಬೇಕು?

ತುಂಗೆದಂಡೆ

ಶಿವಮೊಗ್ಗ ಜಿಲ್ಲೆಯಲ್ಲಿ ತಾಲೂಕು ಮಟ್ಟದ ಒಂದು ಪರ್ಯಾಯ ಪಾರಿತೋಷಕದ ಚರ್ಚಾ ಸ್ಪರ್ಧೆಗೆ ಹೊಸದಾಗಿ ನಿಯಮಾವಳಿ ಬರೆಯಬೇಕಿದೆ. ಪ್ರೌಢಶಾಲಾ ವಿಭಾಗ. ಶಾಲೆಗೆ ಇಬ್ಬರು, ಒಬ್ಬರು ಪರ, ಒಬ್ಬರು ವಿರೋಧ. ತಲಾ 4 ನಿಮಿಷ, ಕೊನೆಗೆ ತಂಡಕ್ಕೆ 2 ನಿಮಿಷ ಖಂಡನೆ, ಅಂದರೆ ಎದುರಿನವರ ವಾದಕ್ಕೆ ಉತ್ತರ. ಹಳೆಯ ನಿಯಮಾವಳಿಯಲ್ಲಿ ಹೆಣ್ಣು ಗಂಡು ಎಂಬ ಮಾತೇ ಇಲ್ಲ. ಆದರೆ ಮಿಶ್ರ ತಂಡಗಳ ಪಟ್ಟಿ ತೆಗೆದರೆ ‘ಪರ’ದ ಎದುರು ಹುಡುಗಿಯ ಹೆಸರು, ‘ವಿರೋಧ’ದ ಎದುರು ಹುಡುಗನ ಹೆಸರು. ಖಂಡನೆಗೆ ಏಳುವುದೂ ಅವನೇ. ತೀರ್ಪುಗಾರರ ಷರಾ ಕಾಲಂನಲ್ಲಿ ಹುಡುಗಿಯರಿಗೆ ‘ಸ್ಪಷ್ಟ ಉಚ್ಚಾರ, ವಿನಯ’, ಹುಡುಗರಿಗೆ ‘ಪ್ರಬಲ ವಾದ’. ಉತ್ತರ ಕೊಟ್ಟ ಹುಡುಗಿಗೆ ‘ಸ್ವಲ್ಪ ಜೋರು’.

ಮಹಿಳಾ ದಿನಾಚರಣೆಯ ಭಾಷಣ ಬೇಡ. ನಿಯಮದಲ್ಲಿ ಬರೆಯಬಹುದಾದ್ದು, ಅಭ್ಯಾಸದಲ್ಲಿ ಮಾಡಿಸಬಹುದಾದ್ದು ಹೇಳಿ.

ಮೂರನೇಬೆಂಚು

ಹುಡುಗಿಗೆ ‘ಪರ’ ಕೊಡುವುದರ ಹಿಂದೆ ಯಾರ ಕೆಟ್ಟ ಬುದ್ಧಿಯೂ ಇರಬೇಕಿಲ್ಲ. ಶಾಲೆಯಲ್ಲಿ ಕಂಠಪಾಠದಲ್ಲಿ ಗೆದ್ದ ಹುಡುಗಿ ಇರುತ್ತಾಳೆ. ಅವಳ ನೆನಪು ಚೆನ್ನಾಗಿದೆ ಎಂದು ಮೇಷ್ಟ್ರು ಎರಡು ಪುಟ ಬರೆದು ಕೊಡುತ್ತಾರೆ, ಅವಳು ಅಲ್ಪವಿರಾಮ ಸಹಿತ ಒಪ್ಪಿಸುತ್ತಾಳೆ. ಹುಡುಗ ಬರೆದದ್ದನ್ನು ಬಾಯಿಪಾಠ ಮಾಡುವುದಿಲ್ಲ, ಆದ್ದರಿಂದ ಅವನನ್ನು ‘ಸ್ವಂತ ಮಾತಾಡು’ ಎಂದು ವಿರೋಧಕ್ಕೆ ಬಿಡುತ್ತಾರೆ. ಎರಡು ವರ್ಷ ಹೀಗಾದರೆ ಅವಳಿಗೆ ಒಪ್ಪಿಸಲು ಬರುತ್ತದೆ, ಅವನಿಗೆ ಖಂಡಿಸಲು ಬರುತ್ತದೆ. ಆಮೇಲೆ ಅದನ್ನೇ ‘ಸ್ವಭಾವ’ ಅನ್ನುತ್ತೇವೆ.

ನಿಯಮದಲ್ಲಿ ಮಾಡಬೇಕಾದ್ದು ಎರಡು. ಪರ-ವಿರೋಧವನ್ನು ಸ್ಪರ್ಧೆಗೆ 30 ನಿಮಿಷ ಮುಂಚೆ ಚೀಟಿ ಎತ್ತಿ ನಿರ್ಧರಿಸಿ. ಚೀಟಿಯಲ್ಲಿ ಶಾಲೆಯ ಹೆಸರಲ್ಲ, ವ್ಯಕ್ತಿಯ ಹೆಸರು ಇರಲಿ. ಅಲ್ಲದಿದ್ದರೆ ತಂಡದೊಳಗೆ ಮತ್ತೆ ಅದೇ ಹಂಚಿಕೆ ಆಗುತ್ತದೆ. ಎರಡನೆಯದು, ತಂಡಕ್ಕೆ 2 ನಿಮಿಷದ ಖಂಡನೆ ತೆಗೆದುಹಾಕಿ ಇಬ್ಬರಿಗೂ ತಲಾ ಒಂದೂವರೆ ನಿಮಿಷ ಕೊಡಿ. ಒಬ್ಬರ ಪಾಲು ಇನ್ನೊಬ್ಬರು ಮಾತಾಡುವಂತಿಲ್ಲ. ಏಳದಿದ್ದರೆ ಆ ಅಂಕ ಸೊನ್ನೆ.

ಇಲ್ಲಿ ಎಡವುವುದು ಎಲ್ಲಿ ಅಂದರೆ, ಆ 30 ನಿಮಿಷದಲ್ಲಿ ಮಾರ್ಗದರ್ಶಿ ಶಿಕ್ಷಕರು ಪಕ್ಕದಲ್ಲಿ ಕೂತು ಖಂಡನೆಯನ್ನೂ ಬರೆದು ಕೊಡುತ್ತಾರೆ. ಚೀಟಿ ಎತ್ತಿದ ಮೇಲೆ ಮಕ್ಕಳು ಬೇರೆ ಕೊಠಡಿಗೆ. ಎರಡು ಹಾಳೆ, ಒಂದು ಪೆನ್ನು, ಮೊಬೈಲ್ ಇಲ್ಲ.

ಸಾಗರದಕಡೆ

ಮಾರಾಯ್ರೆ, ಇಲ್ಲದ ಸಮಸ್ಯೆ ಹುಡುಕುತ್ತಿದ್ದೀರಿ ಅನ್ನಿಸುತ್ತೆ. ಪ್ರತಿಭಾ ಕಾರಂಜಿಯಲ್ಲಿ ಕ್ಲಸ್ಟರಿಂದ ಹಿಡಿದು ಜಿಲ್ಲೆವರೆಗೆ ವೇದಿಕೆ ಮೇಲೆ ಪ್ರಶಸ್ತಿಪತ್ರ ಹಿಡಿದು ನಿಂತ ಫೋಟೊ ನೋಡಿ, ಹುಡುಗಿಯರೇ ತುಂಬಿರುತ್ತಾರೆ. ಈಗ ಚಿಂತೆ ಮಾಡಬೇಕಾದ್ದು ಹುಡುಗರ ಬಗ್ಗೆ.

ಇನ್ನೊಂದು, ಚೀಟಿ ಪದ್ಧತಿ ಸಣ್ಣ ಸರ್ಕಾರಿ ಶಾಲೆಗಳಿಗೆ ಹೊಡೆತ. ಕನ್ನಡಕ್ಕೆ ಒಬ್ಬರೇ ಶಿಕ್ಷಕರು, ಅವರಿಗೇ ನೂರೆಂಟು ಜವಾಬ್ದಾರಿ. ಎರಡೂ ಕಡೆಯ ತಯಾರಿ ಮಾಡಿಸುವವರು ಯಾರು?

ಮೂರನೇಬೆಂಚು

ಫೋಟೊದಲ್ಲಿ ಕಂಠಪಾಠ, ಭಾವಗೀತೆ, ಭಾಷಣ, ರಂಗೋಲಿ ಎಲ್ಲ ಸೇರಿರುತ್ತದೆ ಸರ್. ಒಪ್ಪಿಸುವ ಸ್ಪರ್ಧೆಯನ್ನೂ ಎದುರು ಮಾತಾಡುವ ಸ್ಪರ್ಧೆಯನ್ನೂ ಬೇರೆ ಬೇರೆ ಇಟ್ಟು ನೋಡಿ. ‘ಚರ್ಚೆ’ ಎಂದು ಕರೆದು ಒಬ್ಬೊಬ್ಬರೇ ಬಂದು 3 ನಿಮಿಷ ಮಾತಾಡಿ ಇಳಿದು ಹೋದರೆ ಅದೂ ಭಾಷಣವೇ. ಅಲ್ಲಿ ಹುಡುಗಿ ಗೆಲ್ಲುತ್ತಾಳೆ. ಪ್ರಶ್ನೋತ್ತರದ ಸುತ್ತು ಬಂದಾಗ ಏನಾಗುತ್ತದೆ ಎಂಬುದು ಈ ಚರ್ಚೆಯ ವಿಷಯ.

ಸಣ್ಣ ಶಾಲೆಯ ಮಾತು ನ್ಯಾಯವೇ. ವಿಷಯವನ್ನು 15 ದಿನ ಮೊದಲು ಕಳಿಸಿ. ಇಬ್ಬರು ಮಕ್ಕಳೂ ಒಂದೊಂದು ಕಡೆಗೆ ಐದೈದು ಅಂಶ ಬರೆದು ಹಾಳೆ ಅದಲು ಬದಲು ಮಾಡಿಕೊಂಡರೆ ಎರಡೂ ಕಡೆಯ ತಯಾರಿ ಆಯಿತು. ಶಿಕ್ಷಕರು ತಿದ್ದಿದರೆ ಸಾಕು, ಬರೆಯುವುದು ಬೇಡ. ಬರೆಯದಿದ್ದರೆ ಇನ್ನೂ ಒಳ್ಳೆಯದು.

ಶೀಟಿನಮಳೆ

ಧ್ವನಿವರ್ಧಕದ ಕಡೆಯಿಂದ ಒಂದಿಷ್ಟು. ‘ಹುಡುಗಿಯರ ದನಿ ಕೀರಲು’ ಎಂದು ಅಂಕ ಕಳೆಯುತ್ತಾರಲ್ಲ, ಅದರಲ್ಲಿ ಅರ್ಧ ತಪ್ಪು ಸೆಟ್ಟಿನದು.

ಗಂಡಸರ ಮಾತಿನ ಮೂಲ ಸ್ವರ ಸುಮಾರು 85ರಿಂದ 180 ಹರ್ಟ್ಸ್, ಹೆಂಗಸರದ್ದು 165ರಿಂದ 255. ಬೆಳಿಗ್ಗೆ ಮೈಕ್ ಪರೀಕ್ಷೆ ಮಾಡುವುದು ಯಾರ ದನಿಯಲ್ಲಿ? ಆಪರೇಟರ್ ಸ್ವತಃ ‘ಹಲೋ ಹಲೋ’ ಅನ್ನುತ್ತಾರೆ, ಅವರ ದನಿ ಗುಂಯ್‌ಗುಡದಂತೆ ಬಾಸ್ (ತಳದ ಸ್ವರ) ಇಳಿಸಿ ಟ್ರೆಬಲ್ (ಮೇಲಿನ ಸ್ವರ) ಏರಿಸಿ ಚಹಾ ಕುಡಿಯಲು ಹೋಗುತ್ತಾರೆ. ಅದೇ ಸೆಟ್ಟಿಂಗಿನಲ್ಲಿ ಹದಿನಾಲ್ಕರ ಹುಡುಗಿ ಮಾತಾಡಿದರೆ ಕಿವಿಗೆ ಚುಚ್ಚದೆ ಇನ್ನೇನು. ಹಾರ್ನ್ ಸ್ಪೀಕರ್ ಹಾಕಿದ್ದರಂತೂ ಮುಗಿಯಿತು, ಅದರಲ್ಲಿ ತಳದ ಸ್ವರ ಬರುವುದೇ ಇಲ್ಲ. ಒಳಾಂಗಣಕ್ಕೆ ಕಾಲಂ ಬಾಕ್ಸ್ (ಕಂಬದಂಥ ಉದ್ದ ಸ್ಪೀಕರ್ ಪೆಟ್ಟಿಗೆ) ಎರಡು ಸಾಕು, ಮೈಕಿಗಿಂತ ಮುಂದೆ, ಸಭಿಕರ ಕಡೆಗೆ ಮುಖ ಮಾಡಿ.

ಪರೀಕ್ಷೆಗೆ ಒಬ್ಬ ಹುಡುಗಿ, ಒಬ್ಬ ಹುಡುಗ, ಇಬ್ಬರನ್ನೂ ತಲಾ ಒಂದು ನಿಮಿಷ ಮಾತಾಡಿಸಿ. ಟ್ರೆಬಲ್ ನಡುವಿಗೆ ತನ್ನಿ, ಬಾಸ್ ಒಂಚೂರು ಏರಿಸಿ. ಮೈಕು ಬಾಯಿಂದ 3–4 ಇಂಚು, ಗಲ್ಲದ ಮಟ್ಟದಲ್ಲಿ, ತುಸು ಓರೆಯಾಗಿ. ಒಂದೇ ದಿಕ್ಕಿನ ಮೈಕು ಹತ್ತಿರ ಬಂದಷ್ಟೂ ತಳದ ಸ್ವರ ಹೆಚ್ಚು ಹಿಡಿಯುತ್ತದೆ, ತೆಳು ದನಿಗೂ ತೂಕ ಬರುತ್ತದೆ. ಓರೆ ಇಟ್ಟರೆ ಪ, ಬ, ಭ ಹೊಡೆಯುವುದಿಲ್ಲ. ಒಂದಡಿ ದೂರ ನಿಂತರೆ ಮಗು ಗಂಟಲಿಂದ ಕೂಗುತ್ತದೆ. ಕೂಗಿದರೆ ಸ್ವರ ಇನ್ನೂ ಮೇಲೆ ಹೋಗುತ್ತದೆ. ಆಮೇಲೆ ಕೀರಲು ಅನ್ನುವುದು ನಾವೇ.

ಪೋಡಿಯಂ. ಹೆಚ್ಚಿನವು ನಾಲ್ಕಡಿ ಹತ್ತಿರ ಇರುತ್ತವೆ, ಅತಿಥಿಗಳ ಅಳತೆಗೆ ಮಾಡಿಸಿದ್ದು. ನಾಲ್ಕಡಿ ಎಂಟಿಂಚಿನ ಎಂಟನೇ ತರಗತಿಯ ಹುಡುಗಿ ಅದರ ಹಿಂದೆ ನಿಂತರೆ ಮುಖ ಮಾತ್ರ ಕಾಣುತ್ತದೆ. ಅವಳಿಗೆ ‘ಹಾವಭಾವ’ದಲ್ಲಿ ಅಂಕ ಎಲ್ಲಿಂದ ಬರಬೇಕು? ಪೋಡಿಯಂ ತೆಗೆದು ಬರೀ ಸ್ಟ್ಯಾಂಡ್ ಇಡಿ. ತೆಗೆಯಲು ಆಗದಿದ್ದರೆ 6 ಇಂಚು ಎತ್ತರದ ಅಗಲವಾದ ಮಣೆ ಮಾಡಿಸಿ.

ಕೊನೆಯದು ನಮ್ಮ ಕಡೆಗೇ ವಿಶೇಷ. ಆಗಸ್ಟಿನಲ್ಲಿ ತಗಡಿನ ಶೀಟಿನ ಸಭಾಭವನದಲ್ಲಿ ಸ್ಪರ್ಧೆ ಇಟ್ಟರೆ ಮಳೆ ಬಂದಾಗ ಗಟ್ಟಿ ಗಂಟಲಿನವರೇ ಗೆಲ್ಲುತ್ತಾರೆ. ಆರ್‌ಸಿಸಿ ಕೊಠಡಿ ಚಿಕ್ಕದಾದರೂ ಅದೇ ವಾಸಿ. ಇಲ್ಲದಿದ್ದರೆ ‘ಮಳೆ ಜೋರಾದಾಗ ಗಡಿಯಾರ ನಿಲ್ಲಿಸಲಾಗುವುದು’ ಎಂದು ನಿಯಮದಲ್ಲೇ ಬರೆಯಿರಿ.

ಬಹುವಚನ

ಸೆಟ್ಟಿನ ಮಾತು ಸರಿ. ಉಳಿದ ಅರ್ಧ ನಮ್ಮ ಭಾಷೆಯೊಳಗಿದೆ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ‘ಇಲ್ಲ’ವೂ ಅಲ್ಲೇ ಕೂತಿರುತ್ತದೆ. ಮೆಲ್ಲಗೆ ಮಾತಾಡು ಎಂದು ಬೆಳೆಸಿದ ಮಕ್ಕಳು ವಾಕ್ಯದ ಕೊನೆಯಲ್ಲಿ ದನಿ ಇಳಿಸುತ್ತಾರೆ. ‘ಈ ಯೋಜನೆ ಮಲೆನಾಡಿಗೆ ಅಗತ್ಯವಿಲ್ಲ’ ಎಂಬುದು ಮೂರನೇ ಸಾಲಿಗೆ ‘ಅಗತ್ಯವಿ…’ ಎಂದಷ್ಟೇ ತಲುಪುತ್ತದೆ. ತೀರ್ಪುಗಾರರು ‘ಅಗತ್ಯವಿದೆ’ ಎಂದು ಬರೆದುಕೊಂಡರೆ ವಾದವೇ ತಲೆಕೆಳಗು. ಅಭ್ಯಾಸ ಹೀಗೆ: ಹತ್ತು ನಿಷೇಧ ವಾಕ್ಯ ಬರೆಸಿ, ಕೊನೆಯ ಪದದ ಕೆಳಗೆ ಗೆರೆ ಎಳೆಸಿ, ಆ ಪದದ ಮುಂಚೆ ಅರ್ಧ ಉಸಿರು ತೆಗೆದುಕೊಳ್ಳಲು ಹೇಳಿ. ಕೊಠಡಿಯ ಹಿಂದಿನ ಗೋಡೆಗೆ ಒರಗಿ ನಿಂತವರಿಗೆ ಹತ್ತರಲ್ಲಿ ಹತ್ತೂ ‘ಇಲ್ಲ’ ಕೇಳಿಸಬೇಕು. ಕೂಗಬಾರದು. 4 ನಿಮಿಷಕ್ಕೆ 400 ಪದ ಮೀರಿದರೆ ಉಸಿರು ಸಾಲದು. ಉಸಿರು ಸಾಲದಿದ್ದಾಗ ಮೊದಲು ಸಾಯುವುದು ಕ್ರಿಯಾಪದವೇ.

ಎರಡನೆಯದು ಮೆತ್ತನೆಯ ಜೋಡಣೆಗಳು. ‘ನನ್ನ ಪುಟ್ಟ ಅನಿಸಿಕೆ’, ‘ತಪ್ಪಿದ್ದರೆ ಕ್ಷಮಿಸಿ’, ‘ಅಲ್ವಾ?’, ‘ಅನ್ನಿಸುತ್ತೆ’. ಇವನ್ನು ಹುಡುಗಿಯರ ಪ್ರತಿಯಲ್ಲಿ ಮೇಷ್ಟ್ರುಗಳೇ ಬರೆದಿರುತ್ತಾರೆ, ವಿನಯ ಚೆನ್ನಾಗಿ ಕಾಣಲಿ ಎಂದು. ಹುಡುಗನ ಪ್ರತಿಯಲ್ಲಿ ಆ ಸಾಲು ಇರುವುದಿಲ್ಲ. ಸಭೆಗೆ ವಂದನೆ ಹೇಳುವಾಗ ಎಷ್ಟು ವಿನಯ ಬೇಕೋ ಅಷ್ಟು ಇರಲಿ. ವಾದದ ನಡುವೆ ಒಂದೂ ಬೇಡ.

ಮೂರನೆಯದು ಸರ್ವನಾಮ. ಇದನ್ನು ನಿಯಮಾವಳಿಯಲ್ಲೇ ಹಾಕಲು ಬರುತ್ತದೆ. ಹುಡುಗ ಎದುರಾಳಿ ಹುಡುಗನನ್ನು ‘ನನ್ನ ಮಿತ್ರರು ಹೇಳಿದರು’ ಅನ್ನುತ್ತಾನೆ. ಹುಡುಗಿಯನ್ನು ‘ಅವಳು ಹೇಳ್ತಾಳೆ’ ಅಥವಾ ‘ನನ್ನ ಮುದ್ದಿನ ಸಹೋದರಿ’. ‘ಅವಳು’ ಅಂದರೆ ಕೀಳು ಅಂತಲ್ಲ, ಮನೆಯಲ್ಲಿ ಎಲ್ಲರೂ ಹಾಗೇ ಅನ್ನುವುದು. ಆದರೆ ಅದೇ ವೇದಿಕೆಯಲ್ಲಿ ಒಬ್ಬರಿಗೆ ಬಹುವಚನ, ಇನ್ನೊಬ್ಬರಿಗೆ ಏಕವಚನ ಆದಾಗ ಕೇಳುವವರ ಕಿವಿಯಲ್ಲಿ ತಕ್ಕಡಿ ಆಗಲೇ ವಾಲಿರುತ್ತದೆ. ಸಹೋದರಿ ಎಂದ ಮೇಲಂತೂ ಅಣ್ಣ ತಂಗಿಗೆ ಬುದ್ಧಿ ಹೇಳಿದ ಹಾಗೆ. ನಿಯಮ ಒಂದೇ ಸಾಲು: ‘ಎದುರಾಳಿಯನ್ನು ಪರ ಮಾತುಗಾರರು ಅಥವಾ ವಿರೋಧ ಮಾತುಗಾರರು ಎಂದೇ, ಬಹುವಚನದಲ್ಲೇ ಕರೆಯಬೇಕು. ಸಂಬಂಧವಾಚಕ ಬಳಸುವಂತಿಲ್ಲ.’ ತಪ್ಪಿದರೆ ಮೊದಲ ಸಲ ಅಧ್ಯಕ್ಷರು ತಿದ್ದಲಿ, ಎರಡನೇ ಸಲಕ್ಕೆ ಒಂದು ಅಂಕ ಕಡಿತ.

ಸಾಗರದಕಡೆ

ಬಹುವಚನದ ನಿಯಮ ಒಪ್ಪಿದೆ. ಇದು ಹುಡುಗರಿಗೂ ಒಳ್ಳೆಯದೇ, ‘ಏನೋ ಹೇಳ್ದ ಅವ್ನು’ ಅಂತ ಶುರು ಮಾಡುವವರಿಗೂ ಕಡಿವಾಣ.

ಆದರೆ ಗಾದೆ ಬಂದರೆ? ‘ಗಂಡು ಅಳಬಾರದು, ಹೆಣ್ಣು ನಗಬಾರದು’ ಅಂತ ಒಬ್ಬ ಹೇಳಿದ ತಕ್ಷಣ ಸಭೆ ನಕ್ಕು ಬಿಡುತ್ತದೆ. ಅದಕ್ಕೆ ನಿಯಮ ಮಾಡಲು ಆಗುವುದಿಲ್ಲವಲ್ಲ.

ಬಹುವಚನ

ನಿಯಮ ಬೇಡ, ಉತ್ತರ ಬೇಕು. ‘ವೇದ ಸುಳ್ಳಾದರೂ ಗಾದೆ ಸುಳ್ಳಾಗದು’ ಎಂದು ಬೆನ್ನಿಗೇ ಇನ್ನೊಂದನ್ನು ಹಚ್ಚುತ್ತಾರೆ, ಅದೂ ಗಾದೆಯೇ ಎಂಬುದನ್ನು ಮರೆತು. ಗಾದೆಗೆ ಎದುರು ಗಾದೆ ಹುಡುಕುತ್ತ ಕೂರಬಾರದು, ಅದು ಅಂತ್ಯಾಕ್ಷರಿ ಆಗುತ್ತದೆ. ‘ವಿರೋಧ ಮಾತುಗಾರರು ಒಂದು ಗಾದೆ ಹೇಳಿದರು, ಕಾರಣ ಹೇಳಲಿಲ್ಲ. ಕಾರಣ ಬಂದ ಮೇಲೆ ಉತ್ತರಿಸುತ್ತೇನೆ.’ ಇಷ್ಟು. ಎಂಟು ಸೆಕೆಂಡು. ಮುಂದಿನ ಅಂಶಕ್ಕೆ ಹೋಗಬೇಕು, ನಗಲೂಬಾರದು, ಮುಖ ಗಂಟಿಕ್ಕಲೂಬಾರದು.

ಅಂಕಪಟ್ಟಿ

ತೀರ್ಪಿನ ಹಾಳೆಯ ವಿಚಾರ. ಸಾಮಾನ್ಯವಾಗಿ ಬಳಕೆಯಲ್ಲಿರುವ ಹಾಳೆ: ವಿಷಯ, ಭಾಷೆ, ಧ್ವನಿ, ಹಾವಭಾವ, ಒಟ್ಟಾರೆ ಪರಿಣಾಮ, ಐದಕ್ಕೂ ಹತ್ತತ್ತು. ಇದರಲ್ಲಿ 30 ಅಂಕ ನೋಡಲು ಕೇಳಲು ಹೇಗಿದ್ದರು ಎಂಬುದಕ್ಕೇ ಹೋಯಿತು. ‘ಒಟ್ಟಾರೆ ಪರಿಣಾಮ’ ಅಂದರೆ ತೀರ್ಪುಗಾರರ ಮನಸ್ಸಿಗೆ ಬಂದದ್ದು, ಅಷ್ಟೇ. ಹುಡುಗಿ ಕೈ ಎತ್ತಿದರೆ ‘ಜಗಳದ ಭಂಗಿ’, ಎತ್ತದಿದ್ದರೆ ‘ಆತ್ಮವಿಶ್ವಾಸ ಸಾಲದು’. ಎರಡೂ ಕಡೆ ಕತ್ತರಿಸುವ ಕಾಲಂ ಅದು.

ಬದಲಿಗೆ ಹೀಗಿರಲಿ. ಒಟ್ಟು 50. ವಾದದ ಹುರುಳು 20: ಎಷ್ಟು ಕಾರಣ ಕೊಟ್ಟರು, ಪ್ರತಿಯೊಂದಕ್ಕೂ ಆಧಾರ ಇತ್ತೇ. ಖಂಡನೆ 15: ಎದುರಿನವರು ಹೇಳಿದ್ದನ್ನು ಸರಿಯಾಗಿ ಎತ್ತಿಕೊಂಡರೇ, ಅದಕ್ಕೇ ಉತ್ತರ ಕೊಟ್ಟರೇ. ಭಾಷೆ 5, ಕೇಳುವಿಕೆ 5, ಸಮಯ 5. ‘ಕೇಳುವಿಕೆ’ ಎಂಬ ಪದವನ್ನು ಬೇಕೆಂದೇ ಹಾಕಿದ್ದು. ಹಿಂದಿನ ಸಾಲಿಗೆ ಕೇಳಿಸಿ ಅರ್ಥವಾಯಿತೇ ಎಂಬುದಷ್ಟೇ ಪ್ರಶ್ನೆ. ದನಿ ಇಂಪೋ, ಗಂಭೀರವೋ, ಕೀರಲೋ ಎಂಬುದು ಲೆಕ್ಕಕ್ಕಿಲ್ಲ.

ಅಂತರರಾಷ್ಟ್ರೀಯ ಶಾಲಾ ಚರ್ಚೆಯ ಮಾದರಿ ತಂದರೆ ಎಲ್ಲ ಸರಿಹೋಗುತ್ತದೆ ಎಂದು ಕೆಲವರು ಹೇಳುವುದುಂಟು. ಅಲ್ಲಿ ವಿಷಯಕ್ಕೆ 40, ಶೈಲಿಗೆ 40, ತಂತ್ರಕ್ಕೆ 20. ಶೈಲಿಗೇ 40 ಇರುವಾಗ ಈ ರೋಗ ಅಲ್ಲಿಗೂ ಹೊಸದಲ್ಲ. ಮೂವರ ತಂಡ, ತಲಾ 8 ನಿಮಿಷ, ಅದರಲ್ಲಿ ಮೂರನೆಯವರ ಕೆಲಸ ಬಹುಪಾಲು ಖಂಡನೆಯೇ. ಚೀಟಿ ಇಲ್ಲದಿದ್ದರೆ ಆ ಮೂರನೇ ಕುರ್ಚಿ ಯಾರಿಗೆ ಹೋಗುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಅಲ್ಲಿಂದ ತರಬಹುದಾದ್ದು ಒಂದು: ಮಾತಿನ ನಡುವೆ ಪ್ರಶ್ನೆ ಕೇಳಲು ಎದ್ದು ನಿಲ್ಲಬೇಕು, ಮಾತಾಡುತ್ತಿರುವವರು ಒಪ್ಪಿದರೆ ಮಾತ್ರ ಬಾಯಿ ತೆರೆಯಬೇಕು. ಮೊದಲ ಮತ್ತು ಕೊನೆಯ ನಿಮಿಷದಲ್ಲಿ ಏಳುವಂತಿಲ್ಲ.

ತೀರ್ಪುಗಾರರು ಮೂವರಿರಲಿ. ಒಬ್ಬರಾದರೂ ಮಹಿಳೆ ಇರಬೇಕು, ಸರಿ, ಆದರೆ ಅಷ್ಟಕ್ಕೇ ನೆಮ್ಮದಿ ಬೇಡ. ‘ಹೆಣ್ಣುಮಗು ಇಷ್ಟು ಜೋರಾಗಬಾರದು’ ಎಂಬ ಷರಾ ಮಹಿಳಾ ತೀರ್ಪುಗಾರರಿಂದಲೂ ಬರುತ್ತದೆ. ಸ್ಪರ್ಧೆಗೆ ಮೊದಲು ಹತ್ತು ನಿಮಿಷ ಕೂರಿಸಿ ಹಾಳೆ ಓದಿಸಿ. ಷರಾದಲ್ಲಿ ಬಳಸಬಾರದ ಪದಗಳನ್ನು ಹಾಳೆಯ ಕೆಳಗೆ ಅಚ್ಚು ಹಾಕಿಸಿ: ಜೋರು, ಮುದ್ದು, ವಿನಯ, ಗಂಡುಬೀರಿ, ಗಾಂಭೀರ್ಯ, ಅಹಂಕಾರ. ಅದರ ಬದಲು ‘ಎರಡನೇ ಅಂಶಕ್ಕೆ ಉತ್ತರ ಕೊಡಲಿಲ್ಲ’ ಎಂಬಂಥ ಷರಾ ಬರಬೇಕು. ಎಲ್ಲ ಮುಗಿದ ಮೇಲೆ ಒಂದು ಸಣ್ಣ ಲೆಕ್ಕ: ಹುಡುಗಿಯರ ‘ಕೇಳುವಿಕೆ’ ಸರಾಸರಿ ಒಂದು ಕಡೆ, ಹುಡುಗರದ್ದು ಇನ್ನೊಂದು ಕಡೆ. ಐದರಲ್ಲಿ ಒಂದಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಮೈಕ್ ನೋಡಿ, ಮೈಕ್ ಸರಿಯಿದ್ದರೆ ತೀರ್ಪುಗಾರರನ್ನು ಕೇಳಿ.

ತುಂಗೆದಂಡೆ

ಅಂಕಪಟ್ಟಿಯವರ ಹಾಳೆಯನ್ನು ಹೆಚ್ಚುಕಡಿಮೆ ಹಾಗೇ ಎತ್ತಿಕೊಳ್ಳುತ್ತೇವೆ. ‘ವಿನಯ’ವನ್ನು ನಿಷೇಧಿತ ಪಟ್ಟಿಗೆ ಹಾಕಿದ್ದಕ್ಕೆ ಸಮಿತಿಯಲ್ಲಿ ಗಲಾಟೆ ಆಗುತ್ತದೆ, ಆಗಲಿ.

ಖಂಡನೆಯ ಅಭ್ಯಾಸ ಮಾಡಿಸುವುದು ಹೇಗೆ? ‘ಧೈರ್ಯವಾಗಿ ಮಾತಾಡು’ ಎಂಬುದರಾಚೆ ಏನಾದರೂ ಇದೆಯೇ?

ಮೂರನೇಬೆಂಚು

ಧೈರ್ಯ ತುಂಬುವ ಮಾತು ಬಿಡಿ, ಕಾಗದ ಕೊಡಿ. ಎ4 ಹಾಳೆಯನ್ನು ಉದ್ದಕ್ಕೆ ನಾಲ್ಕು ಮಡಿಕೆ ಮಾಡಿದರೆ ನಾಲ್ಕು ಕಾಲಂ. ಒಂದನೆಯದರಲ್ಲಿ ನೀಲಿ ಪೆನ್ನಿನಿಂದ ಎದುರಿನವರ ಅಂಶ, ಮೂರು ನಾಲ್ಕು ಪದದಲ್ಲಿ. ಎರಡನೆಯದರಲ್ಲಿ ಕೆಂಪು ಪೆನ್ನಿನಿಂದ ಅದಕ್ಕೆ ನಮ್ಮ ಉತ್ತರ. ಮೂರನೆಯದು ಪ್ರಶ್ನೆಗಳಿಗೆ. ನಾಲ್ಕನೆಯದು ಖಾಲಿ, ಕೊನೆಗೆ ಹೇಳುವ ಒಂದೇ ವಾಕ್ಯಕ್ಕೆ. ಶುರುವಿನಲ್ಲಿ ಮಕ್ಕಳು ಎದುರಿನವರ ಪೂರ್ತಿ ವಾಕ್ಯ ಬರೆಯಲು ಹೋಗಿ ಮೂರನೇ ಅಂಶದ ಹೊತ್ತಿಗೆ ಹಿಂದೆ ಬೀಳುತ್ತಾರೆ. ನೋಟ್ಸ್ ಅಚ್ಚುಕಟ್ಟಾಗಿ ಬರೆಯುವ ಹುಡುಗಿಯರು ಹೆಚ್ಚು. ಅವರಿಗೆ ಅಕ್ಷರ ಕೆಟ್ಟದಾಗಿದ್ದರೂ ಪರವಾಗಿಲ್ಲ ಎಂದು ಮೊದಲೇ ಹೇಳಬೇಕು.

ಹೇಳುವ ಕ್ರಮ ನಾಲ್ಕು ಹೆಜ್ಜೆ: ಅವರು ಹೇಳಿದ್ದು ಇದು, ಅದು ನಿಲ್ಲುವುದಿಲ್ಲ, ಏಕೆಂದರೆ, ಆದ್ದರಿಂದ ನಮ್ಮ ಕಡೆ ಉಳಿಯುವುದು ಇದು. ಒಂದು ಅಂಶಕ್ಕೆ 25 ಸೆಕೆಂಡು. ಒಂದೂವರೆ ನಿಮಿಷದಲ್ಲಿ ಮೂರು ಅಂಶ ಮುಗಿಸಿ ಕೊನೆಯ ವಾಕ್ಯಕ್ಕೆ 15 ಸೆಕೆಂಡು ಉಳಿಯಬೇಕು. ದಿನಕ್ಕೆ 20 ನಿಮಿಷದಂತೆ ಮೂರು ವಾರ ಸಾಕು, ಆದರೆ ಎದುರಾಳಿ ದಿನಾ ಬದಲಾಗಬೇಕು. ಗೆಳತಿಯ ಎದುರೇ ಅಭ್ಯಾಸ ಮಾಡಿದವರು ಅಪರಿಚಿತ ಹುಡುಗನ ಎದುರು ನಿಂತಾಗ ಎರಡನೇ ಹೆಜ್ಜೆಯಲ್ಲೇ, ‘ಅದು ನಿಲ್ಲುವುದಿಲ್ಲ’ ಎಂಬಲ್ಲೇ, ತಡವರಿಸುತ್ತಾರೆ.

ನಡುವೆ ಬಾಯಿ ಹಾಕುವವರಿಗೆ ಮೂರು ಸಿದ್ಧ ಮಾತು: ‘ವಾಕ್ಯ ಮುಗಿಸುತ್ತೇನೆ.’ ‘ಈಗ ಬೇಡ.’ ‘ಕೇಳಿ.’ ಜೊತೆಗೆ ಅಂಗೈ ಕೆಳಮುಖವಾಗಿ ಒಮ್ಮೆ. ‘ದಯವಿಟ್ಟು’ ಸೇರಿಸಿದರೆ ಬೇಡಿಕೊಂಡಂತಾಗುತ್ತದೆ, ಬಿಡಿ. ಮೂರನ್ನೂ ಒಂದೇ ಮಟ್ಟದ ದನಿಯಲ್ಲಿ ಇಪ್ಪತ್ತು ಸಲ ಹೇಳಿಸಿ. ಮಾತಿನ ನಡುವೆ ನಿಂತವರಿಗೆ ಆ ಕ್ಷಣಕ್ಕೆ ಹೊಸದಾಗಿ ಪದ ಹುಡುಕಲು ಪುರಸೊತ್ತಿರುವುದಿಲ್ಲ.

ಕೊಡೆಮರೆತವರು

ವಿಷಯದ ಆಯ್ಕೆ ಯಾರೂ ಎತ್ತಲಿಲ್ಲ. ‘ಮಹಿಳೆ ಉದ್ಯೋಗಕ್ಕೆ ಹೋಗುವುದರಿಂದ ಕುಟುಂಬ ವ್ಯವಸ್ಥೆ ಶಿಥಿಲವಾಗಿದೆ’ ಎಂದು ವಿಷಯ ಕೊಟ್ಟರೆ ಹುಡುಗನಿಗೆ ಅದು ವಾದ, ಹುಡುಗಿಗೆ ಅದು ಅವಳ ಮುಂದಿನ ಹತ್ತು ವರ್ಷ. ಹಿಂದಿನ ಸಾಲಿನಲ್ಲಿ ಕೂತ ಅಪ್ಪನ ಎದುರೇ ‘ಹೌದು, ಶಿಥಿಲವಾಗಿದೆ’ ಎಂದು ವಾದಿಸು ಅನ್ನುವುದು ಸರಿಯಲ್ಲ. ಕಣ್ಣೆದುರೇ ಇರುವ ವಿಷಯ ತೆಗೆದುಕೊಳ್ಳಿ. ಶರಾವತಿ ಪಂಪ್ಡ್ ಸ್ಟೋರೇಜ್, ಅಂದರೆ ಕೆಳಗಿನ ಜಲಾಶಯದ ನೀರನ್ನು ಮೇಲಿನದಕ್ಕೆ ಎತ್ತಿ, ಬೇಕಾದಾಗ ಇಳಿಸಿ ವಿದ್ಯುತ್ ಮಾಡುವ ಯೋಜನೆ: 2000 ಮೆಗಾವಾಟ್, ಮೇಲೆ ತಲಕಳಲೆ, ಕೆಳಗೆ ಗೇರುಸೊಪ್ಪ, ನೀರು ಮೇಲೆತ್ತಲು ಬೇಕಾಗುವ ವಿದ್ಯುತ್ತು ಇಳಿಯುವಾಗ ಸಿಗುವುದಕ್ಕಿಂತ ಹೆಚ್ಚು, ಆದರೂ ಸಂಜೆಯ ಬೇಡಿಕೆಗೆ ಉಪಯೋಗ. ಪರ ವಿರೋಧ ಎರಡಕ್ಕೂ ಸಾಮಗ್ರಿ ಇದೆ. ಪಶ್ಚಿಮಘಟ್ಟದ ರಕ್ಷಣೆ ಕುರಿತ ಕಸ್ತೂರಿರಂಗನ್ ವರದಿ (2013), ಗದ್ದೆ ಅಡಿಕೆ ತೋಟವಾಗುವುದು, ಶರಾವತಿ ನೀರು ಬೆಂಗಳೂರಿಗೆ, ಎಷ್ಟಿಲ್ಲ.

ಮಹಿಳಾ ಮೀಸಲಾತಿಯನ್ನು ವಿಷಯವಾಗಿ ಕೊಡುವುದಾದರೆ ಅಂಕಿಅಂಶ ಸರಿಯಾಗಿ ಕಲಿಸಿ. ಲೋಕಸಭೆ, ವಿಧಾನಸಭೆಯಲ್ಲಿ ಮೂರನೇ ಒಂದು ಭಾಗ ಈಗಾಗಲೇ ಜಾರಿಯಾಗಿದೆ ಎಂದು ಹೇಳಿ ಖಂಡನೆಯಲ್ಲಿ ಸಿಕ್ಕಿಬೀಳುವವರು ಬಹಳ. ಸಂವಿಧಾನದ 2023ರ 106ನೇ ತಿದ್ದುಪಡಿಯೊಳಗೇ ಜನಗಣತಿ, ಕ್ಷೇತ್ರ ಪುನರ್ವಿಂಗಡಣೆಯ ಷರತ್ತು ಇದೆ. ಪಂಚಾಯಿತಿಯದ್ದು ಬೇರೆ, 73ನೇ ತಿದ್ದುಪಡಿ ಕನಿಷ್ಠ ಮೂರನೇ ಒಂದು ಎಂದಿತು, ಕರ್ನಾಟಕ ಅದನ್ನು ಶೇ 50ಕ್ಕೆ ಏರಿಸಿತು.

ಸಾಗರದಕಡೆ

ಅಡಿಕೆ ವಿಷಯ ಕೊಟ್ಟರೆ ಹುಡುಗರು ‘ಹೆಣ್ಣುಮಕ್ಕಳಿಗೆ ತೋಟದ ಕಷ್ಟ ಎಂತ ಗೊತ್ತು’ ಅಂತ ಶುರು ಹಚ್ಚುತ್ತಾರೆ. ಅದಕ್ಕೆ ಹುಡುಗಿ, ಅಡಿಕೆ ಗೊನೆ ಮನೆಗೆ ಬಂದ ಮೇಲೆ ಮೆಟ್ಟುಗತ್ತಿ ಮುಂದೆ ರಾತ್ರಿ ಹನ್ನೊಂದರವರೆಗೆ ಕೂತು ಸುಲಿಯುವವರು ಯಾರು ಅಂತ ಕೇಳಿದರೆ ಸಭೆ ಚಪ್ಪಾಳೆ ಹೊಡೆಯುತ್ತದೆ. ಒಳ್ಳೆ ಉತ್ತರವೇ ಅಲ್ಲವೇ?

ಮೂರನೇಬೆಂಚು

ಚಪ್ಪಾಳೆಗೆ ಒಳ್ಳೆಯ ಉತ್ತರ, ಅಂಕಕ್ಕೆ ಅಲ್ಲ. ಅವನು ಎಸೆದದ್ದು ಗಾಳ. ವಿಷಯ ಗದ್ದೆ ತೋಟವಾಗಬೇಕೇ ಬೇಡವೇ ಎಂಬುದು, ಹೆಂಗಸರಿಗೆ ತೋಟ ಗೊತ್ತೇ ಎಂಬುದಲ್ಲ. ಅಡಿಕೆ ಸುಲಿಯುವ ವರ್ಣನೆಗೆ 40 ಸೆಕೆಂಡು ಕೊಟ್ಟರೆ ಅವನ ನೀರಿನ ಲೆಕ್ಕ, ಬೆಲೆಯ ಲೆಕ್ಕ ಎರಡೂ ಉತ್ತರವಿಲ್ಲದೆ ಉಳಿದವು. ‘ಸುಲಿಯುವವರು ನಾವೇ, ಆದ್ದರಿಂದ ಗೊತ್ತು. ಈಗ ಅವರ ಬೆಲೆಯ ಲೆಕ್ಕಕ್ಕೆ ಬರುತ್ತೇನೆ.’ ಐದು ಸೆಕೆಂಡಿಗೆ ಮುಗಿಯಬೇಕು. ಇದು ಗಾದೆಗೆ ‘ಬಹುವಚನ’ ಅವರು ಹೇಳಿದ ಉಪಾಯವೇ.

ಬಹುವಚನ

ಇದಕ್ಕೆ ನಮ್ಮ ಜಿಲ್ಲೆಯಲ್ಲೇ ಹಳೆಯ ಪಾಠ ಇದೆ. ಅಕ್ಕಮಹಾದೇವಿಯ ಉಡುತಡಿಯೂ ಅಲ್ಲಮನ ಬಳ್ಳಿಗಾವಿಯೂ ಶಿಕಾರಿಪುರ ತಾಲೂಕಿನವು. ಶರಣರ ಸಂವಾದಗಳ ಗ್ರಂಥವಾದ ಶೂನ್ಯಸಂಪಾದನೆಯಲ್ಲಿ ಅಕ್ಕ ಕಲ್ಯಾಣಕ್ಕೆ ಬಂದಾಗ ಅಲ್ಲಮ ಮೊದಲು ಕೇಳುವುದು ಏನು? ನಿನ್ನ ಗಂಡನ ಕುರುಹು ಹೇಳು. ಆಮೇಲೆ, ಎಲ್ಲ ಬಿಟ್ಟವಳು ಕೂದಲಲ್ಲಿ ಮೈ ಯಾಕೆ ಮುಚ್ಚಿಕೊಂಡೆ. ವಾದಕ್ಕೆ ಬಂದವಳಿಗೆ ಗಂಡನ ಪ್ರಶ್ನೆ, ಮೈಯ ಪ್ರಶ್ನೆ! ಅಕ್ಕ ಸಿಟ್ಟಾಗುವುದಿಲ್ಲ, ಕ್ಷಮೆಯೂ ಕೇಳುವುದಿಲ್ಲ. ಹಣ್ಣು ಒಳಗೆ ಮಾಗದೆ ಹೊರಗಿನ ಸಿಪ್ಪೆ ಕೆಡದು ಎಂದು ಅದೇ ಪ್ರಶ್ನೆಯನ್ನು ತನ್ನ ವಾದಕ್ಕೆ ತಿರುಗಿಸುತ್ತಾಳೆ.

ಮಕ್ಕಳ ಭಾಷಣಗಳಲ್ಲಿ ಅಕ್ಕ ‘ಮಹಿಳಾ ಸಬಲೀಕರಣದ ಹರಿಕಾರಳು’ ಎಂಬ ಒಂದು ಸಾಲಾಗಿ ಬಂದು ಹೋಗುತ್ತಾಳೆ. ಆ ಸಂವಾದವನ್ನು ಪ್ರಶ್ನೆ-ಉತ್ತರವಾಗಿ ಇಬ್ಬರಿಂದ ಓದಿಸಿದರೆ ಖಂಡನೆಯ ಒಂದು ತರಗತಿ ಮುಗಿದಂತೆ. ಅಲ್ಲಮನ ಪಾಲನ್ನು ಹುಡುಗಿಯರಿಂದಲೂ ಓದಿಸಿ, ಪ್ರಶ್ನೆ ಕೇಳುವುದೂ ಕಲಿಯಬೇಕಲ್ಲ.

ಕೊಡೆಮರೆತವರು

ಚೆನ್ನಾಗಿದೆ. ಈಗ ನೆಲಕ್ಕೆ ಇಳಿಯೋಣ. ಸ್ಪರ್ಧೆಯ ದಿನ ಬೆಳಿಗ್ಗೆ ಒಂಬತ್ತೂವರೆಗೆ ಏನಾಗುತ್ತದೆ ನೋಡಿ. ಆತಿಥೇಯ ಶಾಲೆಯ ಸ್ಪರ್ಧಿ ಹುಡುಗಿಯೇ ಪ್ರಾರ್ಥನೆಗೆ, ಅವಳೇ ಸೀರೆ ಉಟ್ಟು ಆರತಿ ತಟ್ಟೆ ಹಿಡಿದು ಗೇಟಲ್ಲಿ ನಿಲ್ಲಬೇಕು, ಅವಳೇ ಅತಿಥಿಗಳಿಗೆ ಹೂಗುಚ್ಛ ತರಬೇಕು. ಅದೇ ತಂಡದ ಹುಡುಗ ಮರದ ಕೆಳಗೆ ಹಾಳೆ ನೋಡುತ್ತಿರುತ್ತಾನೆ. ಬರೆಯಿರಿ: ‘ಸ್ಪರ್ಧಿಗಳಿಗೆ ಪ್ರಾರ್ಥನೆ, ಸ್ವಾಗತ, ನಿರೂಪಣೆ, ಅತಿಥಿ ಸತ್ಕಾರದ ಕೆಲಸ ಕೊಡುವಂತಿಲ್ಲ.’ ಉಡುಪು ಎಲ್ಲರಿಗೂ ಸಮವಸ್ತ್ರವೇ. ವೇಲ್ ಹಾಕುವವರು ಎರಡೂ ಭುಜಕ್ಕೆ ಪಿನ್ ಹಾಕಿ ಬರಲಿ. ಜಾರುವ ವೇಲ್ ಸರಿಮಾಡುವ ಕೈ ಹಾಳೆ ಹಿಡಿಯುವ ಕೈಯೇ.

ಶೌಚಾಲಯದಲ್ಲಿ ನೀರು ಇದೆಯೇ, ಬೀಗದ ಕೈ ಯಾರ ಹತ್ತಿರ ಇದೆ, ಹಿಂದಿನ ದಿನವೇ ನೋಡಿ. ಕಚೇರಿಯಲ್ಲಿ ನಾಲ್ಕು ಜನ ಗಂಡಸರ ಎದುರು ಕೀಲಿಕೈ ಕೇಳುವುದಕ್ಕಿಂತ ಬೆಳಗ್ಗಿನಿಂದ ನೀರೇ ಕುಡಿಯದಿರುವುದು ಸುಲಭ ಅನ್ನಿಸುತ್ತದೆ ಅವರಿಗೆ. ನೀರು ಕುಡಿಯದ ಗಂಟಲು ಮಧ್ಯಾಹ್ನ ಕೈ ಕೊಡುತ್ತದೆ. ಸ್ಯಾನಿಟರಿ ಪ್ಯಾಡ್ ಅಲ್ಲಿಯೇ ಇಡಿಸಿ.

ಬಸ್ಸು. ಎಲ್ಲ ಕಡೆ ಹುಡುಗಿಯರಿಗೆ ಪ್ರಯಾಣ ಉಚಿತ ಅಂದುಕೊಂಡು ಕೆಲವರು ಭತ್ಯೆ ಇಡುವುದಿಲ್ಲ. 2023ರ ಜೂನ್ 11ರಿಂದ ಶುರುವಾದ ಶಕ್ತಿ ಯೋಜನೆ ಸರ್ಕಾರಿ ಬಸ್ಸಿಗೆ. ಹೊಸನಗರ, ತೀರ್ಥಹಳ್ಳಿ ಕಡೆಯ ಒಳದಾರಿಗಳಲ್ಲಿ ಓಡುವುದು ಬಹುಪಾಲು ಖಾಸಗಿ ಬಸ್ಸು. ಫಲಿತಾಂಶ ಐದೂವರೆಗೆ ಅಂದರೆ ಕೊನೆ ಬಸ್ ತಪ್ಪುತ್ತದೆ ಎಂದು ಮನೆಯವರು ಬೆಳಿಗ್ಗೆಯೇ ಬೇಡ ಅನ್ನುತ್ತಾರೆ. ಜೊತೆಗೆ ಬರಲು ಮೇಡಂ ಇಲ್ಲ ಎಂಬ ಕಾರಣಕ್ಕೂ ಹುಡುಗಿಯ ಬದಲು ಹುಡುಗನ ಹೆಸರು ಹೋಗುತ್ತದೆ. ಎರಡು ಮೂರು ಶಾಲೆಗೆ ಸೇರಿ ಒಬ್ಬ ಶಿಕ್ಷಕಿ ಬರಬಹುದು ಎಂದು ಬರೆದರೆ ಎಷ್ಟೋ ಹಗುರ. 3.30ಕ್ಕೆ ಬಹುಮಾನ ಕೊಟ್ಟು ಮುಗಿಸಿ, ಅತಿಥಿಗಳ ಭಾಷಣ ಬೆಳಿಗ್ಗೆಯೇ ಆಗಲಿ, ಅದೂ ಐದು ನಿಮಿಷ.

ಅಂಕಪಟ್ಟಿ

ದೂರದ ಶಾಲೆಗಳಿಗೆ ಬೇಗ ಅವಕಾಶ ಕೊಡುವುದಾದರೆ ಒಂದು ಎಚ್ಚರಿಕೆ. ಮೊದಲು ಮಾತಾಡಿದವರಿಗೆ ತೀರ್ಪುಗಾರರು ಕೈ ಬಿಗಿ ಹಿಡಿದು ಅಂಕ ಕೊಡುತ್ತಾರೆ. ದೂರದವರನ್ನೆಲ್ಲ ಬೆಳಗಿನ ಸರದಿಯಲ್ಲಿ ಹಾಕಿ, ಸರದಿಯೊಳಗೆ ಕ್ರಮ ಚೀಟಿಯಿಂದ ಬರಲಿ. ಶುರುವಿಗೆ ಲೆಕ್ಕಕ್ಕಿಲ್ಲದ ಒಂದು ಮಾದರಿ ಮಾತು ಆಡಿಸಿದರೆ ತೀರ್ಪುಗಾರರ ಕೈಯೂ ಒಂದು ಹದಕ್ಕೆ ಬರುತ್ತದೆ.

ತುಂಗೆದಂಡೆ

ಚೀಟಿ, ಬಹುವಚನ, 50ರ ಹಾಳೆ, ಸ್ಪರ್ಧಿಗೆ ಸತ್ಕಾರದ ಕೆಲಸ ಇಲ್ಲ, 3.30: ಇಷ್ಟು ಕರಡಿನಲ್ಲಿ ಹಾಕಿದ್ದೇವೆ. ನಿಷೇಧಿತ ಪದಗಳ ಪಟ್ಟಿಯಿಂದ ‘ಗಾಂಭೀರ್ಯ’ವನ್ನು ತೆಗೆಯಲು ಒಬ್ಬರು ಪಟ್ಟು ಹಿಡಿದಿದ್ದಾರೆ.

ಶೀಟಿನಮಳೆಯವರೇ, ಮಣೆಯ ಅಳತೆ ಸರಿಯಾಗಿ ಹೇಳಿ, ಬಡಗಿಗೆ ಕೊಡಬೇಕು.

ಶೀಟಿನಮಳೆ

ಎರಡಡಿ ಅಗಲ, ಒಂದೂವರೆ ಅಡಿ ಆಳ, ಆರಿಂಚು ಎತ್ತರ. ಹಲಸು ಬೇಕಿಲ್ಲ. ಸಿಲ್ವರ್ ಓಕ್ ಹಲಗೆ ಸಾಕು. ಮೂಲೆಗೆ ನಾಲ್ಕು ಕಾಲು ಕೊಟ್ಟರೆ ಕುಂಟುತ್ತದೆ, ಎರಡು ಪಕ್ಕಕ್ಕೂ ಪೂರ್ತಿ ಪಟ್ಟಿ ಹೊಡೆಸಿ. ಅಡಿಗೆ ಹಳೇ ಸೈಕಲ್ ಟ್ಯೂಬಿನ ತುಂಡು ಮೊಳೆ ಹೊಡೆದು ಕೂರಿಸಲು ಹೇಳಿ, ಮಳೆಗಾಲದ ರೆಡ್ ಆಕ್ಸೈಡ್ ನೆಲದ ಮೇಲೆ ಮರ ಜಾರುತ್ತದೆ.